ಕಪ್ಪು ತುದಿಯ ಸೌದೆ

ಇದನ್ನು ಬರೆಯಬೇಕೆಂದು ಮೂರು ಸಲ ನೋಟ್‌ಬುಕ್ ತೆಗೆದಿದ್ದೇನೆ. ಮೂರು ಸಲವೂ ಹಳೇಬೀಡಿನ ಕೆರೆ, ಆಗಿನ ಬಸ್ಸು, ಆಗಿನ ಹೋಟೆಲಿನ ಉಪ್ಪಿಟ್ಟು ಎಂದು ಬೇರೇನೋ ಬರೆದು ಪುಟ ತುಂಬಿಸಿ ಮುಚ್ಚಿಟ್ಟೆ. ಹೆಂಡತಿ ಬದುಕಿದ್ದಾಗ ಅವಳಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ಇನ್ನೂ ಮುಂದೂಡುವಷ್ಟು ದಿನಗಳು ಈಗ ನನ್ನ ಹತ್ತಿರ ಇಲ್ಲ. ಅದಕ್ಕೇ ಈ ಸಲ ಕೆರೆ, ಉಪ್ಪಿಟ್ಟು ಎಲ್ಲ ಬಿಟ್ಟು ನೇರವಾಗಿ ಸೌದೆಗೆ ಬರುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಅರಸೀಕೆರೆಯ ಒಂದು ಮರದ ಮಿಲ್ಲಿನಲ್ಲಿ ಸ್ವಲ್ಪ ಕಾಲ ಕೆಲಸ ಕಲಿತು, ಹಳೇಬೀಡಿನ ಒಂದು ಸೌದೆ ಡಿಪೋದಲ್ಲಿ ತಕ್ಕಡಿಯ ಪಕ್ಕ ನಿಂತಿದ್ದೆ. ಮಾಲೀಕರು ಹಾಸನದವರು, ತಿಂಗಳಿಗೊಮ್ಮೆ ಬಂದು ಹೋಗುವರು. ಉಳಿದ ದಿನ ಡಿಪೋಗೆ ನಾನೇ ದೊರೆ. ಸೌದೆಯ ವಿಷಯದಲ್ಲಿ ನನಗೆ ಬಹಳ ಜಂಬವಿತ್ತು. ಎರಡು ತುಂಡನ್ನು ಒಂದಕ್ಕೊಂದು ತಟ್ಟಿ, ಠಣ್ ಎಂದರೆ ಒಣಗಿದೆ, ದೊಬ್ ಎಂದರೆ ಹಸಿ ಎಂದು ಹೇಳುವುದು ಯಾರಿಗಾದರೂ ಬರುತ್ತದೆ. ನಾನು ಅದಕ್ಕಿಂತ ಮುಂದೆ ಹೋಗಿದ್ದೆ. ಹೊಗೆಯ ವಾಸನೆ ಹಿಡಿದು ಮರದ ಹೆಸರು ಹೇಳುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದೆ. ಬಹಳ ಸಲ ಹೇಳಿಯೂ ಇದ್ದೆ.

ನನಗೆ ಇಬ್ಬರು ಗೆಳೆಯರು. ಒಬ್ಬ ಅರಸೀಕೆರೆ–ಬೇಲೂರು ಬಸ್ಸಿನ ಡ್ರೈವರು, ಮನೆ ಹಳೇಬೀಡಿನಲ್ಲೇ. ಇನ್ನೊಬ್ಬ ದೇವಸ್ಥಾನದ ಎದುರಿನ ರಸ್ತೆಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದವನು. ಡ್ರೈವರನಿಗೆ ವಾರದ ರಜೆ ಬಂದ ದಿನ ಮಧ್ಯಾಹ್ನ ಮೂವರೂ ಡಿಪೋದ ಹಿಂದೆ ಸೇರುತ್ತಿದ್ದೆವು. ಹಿಂದಿನ ದಿನ ಡ್ರೈವರು ಅರಸೀಕೆರೆಯಿಂದ ನಾಲ್ಕು ಬೀರು ಬಾಟಲಿಗಳನ್ನೂ ಸೋಡಾ ಅಂಗಡಿಯಿಂದ ಒಂದು ಐಸಿನ ಗಡ್ಡೆಯನ್ನೂ ತರುತ್ತಿದ್ದ. ಅದನ್ನೆಲ್ಲ ಗರಗಸದ ಹೊಟ್ಟಿನ ರಾಶಿಯೊಳಗೆ ಹುಗಿದಿಟ್ಟರೆ ಮಾರನೆಯ ದಿನಕ್ಕೂ ಬಾಟಲಿ ಹಿಡಿದ ಕೈ ಜುಮ್ ಎನ್ನುತ್ತಿತ್ತು. ಮೂವರಿಗೆ ನಾಲ್ಕು ಬಾಟಲಿ. ನಾಲ್ಕನೆಯದು ಯಾರಿಗೆ ಎನ್ನುವುದರ ಮೇಲೆಯೇ ನಮ್ಮ ಪಂದ್ಯಗಳೆಲ್ಲ.

ಹೋಟೆಲಿನವನ ತಾಯಿ ಬಹಳ ಮಡಿಯವರು. ಅದಕ್ಕಾಗಿ ಅವನು ಮನೆಯಿಂದ ಸ್ಟೀಲಿನ ಲೋಟ ತಂದು ಅದರಲ್ಲೇ ಕುಡಿಯುತ್ತಿದ್ದ. ಯಾರಾದರೂ ಬಂದರೆ ಜೀರಿಗೆ ಕಷಾಯ ಎನ್ನುವನು.

"ಬೀರು ಅಂದ್ರೆ ಬಾರ್ಲಿ ನೀರು ಕಣಯ್ಯ. ಮೂತ್ರದ ಕಲ್ಲಿಗೆ ಡಾಕ್ಟ್ರೇ ಬರ್ಕೊಡ್ತಾರೆ," ಎಂದು ಅವನು ಪ್ರತಿ ಸಲ ಹೇಳುವನು.

"ನಿಂಗೆ ಕಲ್ಲೈತೇನ್ಲಾ?" ಎಂದು ಡ್ರೈವರು ಕೇಳುವನು.

"ಬರದೇ ಇರಲಿ ಅಂತ."

ನಮ್ಮ ಮಾತೆಲ್ಲ ಸೌದೆಯದೇ. ಕ್ರಿಕೆಟ್ಟು, ರಾಜಕೀಯ ಯಾವುದೂ ಬೇಡ. ಡ್ರೈವರು ಹೇಳುವನು, "ಒಲೆ ಗುರ್ ಅಂತ ನಕ್ರೆ ನೆಂಟ್ರು ಬತ್ತಾರೆ ಅಂತಾಳೆ ನಮ್ಮವ್ವ. ನಮ್ಮನೆ ಒಲೆ ದಿನಾ ನಗ್ತೈತೆ. ನೆಂಟ್ರು ಬರಾದು ನಾನು ಬಸ್ಸಲ್ಲಿ ಕರ್ಕಂಬಂದ್ರೇನೇ."

"ಅದು ನಗು ಅಲ್ಲ. ಹಸಿ ಸೌದೆ ಒಳಗಿನ ನೀರು ಕುದಿಯೋ ಸದ್ದು," ಎಂದು ಹೋಟೆಲಿನವನು ನನ್ನ ಕಡೆ ತೋರಿಸಿ, "ಈ ಪುಣ್ಯಾತ್ಮ ನಿನಗೆ ನೀರು ತೂಗಿ ಮಾರಿದಾನೆ," ಎನ್ನುವನು.

"ನೀನು ಸಾಂಬಾರಲ್ಲಿ ಮಾರಲ್ವಾ?" ಎಂದು ನಾನು.

ಹುಣಸೆ ಸೌದೆ ಉರಿಸಿದ ಮನೆಯಲ್ಲಿ ಜಗಳ ತಪ್ಪದು ಎಂಬ ಮಾತು ಬಂದರೆ ಡ್ರೈವರು, "ನಮ್ಮನೇಲಿ ಉರ್ಸಾದು ಜಾಲಿ. ಆದ್ರೂ ಜಗಳಕ್ಕೇನು ಬರ ಇಲ್ಲ," ಎನ್ನುವನು. ನೀಲಗಿರಿ ಸೌದೆಯಲ್ಲಿ ಮಾಡಿದ ಅನ್ನ ಉಂಡರೆ ನೆಗಡಿ ಹತ್ತಿರ ಸುಳಿಯುವುದಿಲ್ಲ ಎಂದು ಹೋಟೆಲಿನವನು ವಾದಿಸಿದ. ಹಾಗಾದರೆ ಹೋಟೆಲಿಗೆ ಆಸ್ಪತ್ರೆ ಎಂದು ಬೋರ್ಡು ಹಾಕಿಸು ಎಂದೆವು. ಬೆಂಕಿಗೆ ಬೀರು ಸುರಿದರೆ ನೀಲಿ ಉರಿ ಏಳುತ್ತದೆ ಎಂದು ಡ್ರೈವರು ಒಮ್ಮೆ ಪಟ್ಟು ಹಿಡಿದು ಅರ್ಧ ಗ್ಲಾಸು ಸುರಿದೇ ಬಿಟ್ಟ. ಬೆಂಕಿ ಆರಿಹೋಯಿತು. ಆ ಅರ್ಧ ಗ್ಲಾಸಿನ ದುಃಖ ಮುಂದಿನ ಮೂರು ವಾರ ನಡೆಯಿತು.

ಹೀಗೆ ನಗುತ್ತಿದ್ದವರು ನಾವು. ಕೆಟ್ಟವರು ಎಂದು ಯಾರೂ ಹೇಳುತ್ತಿರಲಿಲ್ಲ.

ಆಗ ಹಗರೆ ದಾರಿಯ ಒಂದು ಹಳ್ಳಿಯಿಂದ ಒಬ್ಬ ಹೆಂಗಸು ವಾರಕ್ಕೆರಡು ದಿನ ತಲೆಯ ಮೇಲೆ ಸೌದೆಹೊರೆ ಹೊತ್ತು ಹಳೇಬೀಡಿಗೆ ಬರುತ್ತಿದ್ದರು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅವರ ಗಂಡ ಹುಣಸೆಮರದಿಂದ ಬಿದ್ದು ಬಲಗೈ ಕಳೆದುಕೊಂಡಂತೆಯೇ ಆಗಿತ್ತು. ಕೈ ಇತ್ತು, ಆದರೆ ಕೊಡಲಿ ಎತ್ತಲು ಬರುತ್ತಿರಲಿಲ್ಲ. ಮನೆ ನಡೆಯುವುದು ಈ ಅಕ್ಕನ ಸೌದೆಯಿಂದಲೇ.

ಅವರ ಸೌದೆ ಕೊಳ್ಳುತ್ತಿದ್ದದ್ದು ಮುಖ್ಯವಾಗಿ ಬಸದಿಯ ಕಡೆಯ ಏಳು ಜೈನರ ಮನೆಗಳು. ಆ ಮನೆಗಳಲ್ಲಿ ಒಂದು ನೇಮವಿದೆ. ಸೌದೆಯನ್ನು ಒಲೆಗೆ ಇಡುವ ಮೊದಲು ಬಡಿದು, ಕೊಡವಿ ನೋಡಬೇಕು. ತೊಗಟೆಯ ಕೆಳಗೆ ಇರುವೆ, ಗೆದ್ದಲು, ಹುಳ ಏನಿದ್ದರೂ ಬೆಂಕಿಗೆ ಬೀಳಬಾರದು. ಡಿಪೋದಿಂದ ಸೌದೆ ಒಯ್ದರೆ ಆ ಕೆಲಸವನ್ನೆಲ್ಲ ಮನೆಯ ಹೆಂಗಸರೇ ಮಾಡಿಕೊಳ್ಳಬೇಕು. ಈ ಅಕ್ಕ ಅದನ್ನು ಗಮನಿಸಿ, ಯಾರೂ ಹೇಳದೆಯೇ, ಪ್ರತಿ ಮನೆಯ ಮುಂದೆ ಹೊರೆ ಬಿಚ್ಚಿ, ಒಂದೊಂದು ತುಂಡನ್ನೂ ಚಪ್ಪಡಿ ಕಲ್ಲಿಗೆ ಮೂರು ಮೂರು ಸಲ ಬಡಿದು, ತಿರುಗಿಸಿ ನೋಡಿ, ಬಿದ್ದ ಇರುವೆಗಳನ್ನು ಒಂದು ಎಲೆಯ ಮೇಲೆ ತೆಗೆದು ಬೇಲಿಯ ಬುಡಕ್ಕೆ ಬಿಟ್ಟು, ಆಮೇಲೆ ಒಳಗೆ ಜೋಡಿಸಿಕೊಡುತ್ತಿದ್ದರು. ಟಕ್ ಟಕ್ ಟಕ್ ಎಂಬ ಆ ಸದ್ದು ಡಿಪೋದವರೆಗೂ ಕೇಳುತ್ತಿತ್ತು. ಆ ನಂಬಿಕೆಯಿಂದಲೇ ಏಳು ಮನೆಯವರೂ ಬೇರೆ ಯಾರಲ್ಲೂ ಕೊಳ್ಳುತ್ತಿರಲಿಲ್ಲ. ನಮ್ಮ ಹೋಟೆಲಿನವನೂ ಆಗೀಗ ಒಂದು ಹೊರೆ ಕೊಳ್ಳುವನು.

ಅವರ ಸೌದೆಗೆ ಒಂದು ಗುರುತಿತ್ತು. ದಪ್ಪ ತುಂಡುಗಳ ಒಂದು ತುದಿ ಸುಟ್ಟು ಕಪ್ಪಾಗಿರುತ್ತಿತ್ತು. ಏಕೆಂದು ನನಗೆ ಗೊತ್ತಿತ್ತು. ನಾನು ಕಣ್ಣಾರೆ ಕಂಡಿದ್ದೆ. ಈ ಮಾತನ್ನು ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಒಂದು ಸಲ ಡಿಪೋಗೆ ಮರ ನೋಡಲು ಹಗರೆಗೆ ಹೋಗಿ ವಾಪಸು ಬರುವಾಗ ಅವರ ಊರಿನ ಹೊಲದ ಬದುವಿನಲ್ಲಿ ಹೊಗೆ ಕಂಡಿತು. ಹೋಗಿ ನೋಡಿದರೆ ಈ ಅಕ್ಕ. ಒಣಗಿ ನಿಂತ ಒಂದು ಮರದ ಬುಡದ ಸುತ್ತ ಮಣ್ಣು ಬಗೆದು, ಬೆರಣಿಯೂ ಒಣಗಿದ ತರಗೂ ತುಂಬಿ, ಸಣ್ಣಗೆ ಬೆಂಕಿ ಹಾಕಿ ಕೂತಿದ್ದರು. ಹೊಲದವರು ಸತ್ತ ಮರ ತೆಗೆದುಕೊಂಡು ಹೋಗು ಎಂದು ಬಿಟ್ಟುಕೊಟ್ಟಿದ್ದರಂತೆ. ಎರಡು ದಿನ ಹೀಗೇ ಕಾದರೆ ಬುಡ ತಾನಾಗಿ ಸವೆದು ಮರ ಉರುಳುತ್ತದೆ, ಆಮೇಲೆ ಮಚ್ಚಿನಲ್ಲಿ ಕಡಿದುಕೊಳ್ಳುತ್ತೇನೆ ಎಂದರು.

"ಗರಗಸದಲ್ಲಿ ಕುಯ್ಯಬಾರ್ದಾ ಅಕ್ಕ?" ಎಂದೆ.

"ಗರಗಸ ಎಳಿಯಾಕೆ ಎಲ್ಡು ಜನ ಬೇಕಲ್ಲಣ್ಣ. ಬೆಂಕಿಗಾದ್ರೆ ನಾನೊಬ್ಳೇ ಸಾಕು," ಎಂದು ನಕ್ಕರು. ಆಮೇಲೆ ಬೇರಿನ ತೂತಿನಿಂದ ಇರುವೆ ಹೊರಗೆ ಬರುತ್ತಿರುವುದನ್ನು ತೋರಿಸಿ, "ಅವೂ ಮನೆ ಖಾಲಿ ಮಾಡ್ಬೇಕಲ್ಲ, ಅದಕ್ಕೇ ನಿಧಾನಕ್ಕೆ ಹಾಕಿವ್ನಿ," ಎಂದರು.

ನಾನು ಡಿಪೋಗೆ ಬಂದು ಇದನ್ನು ಗೆಳೆಯರಿಗೂ ಹೇಳಲಿಲ್ಲ. ಹೇಳುವಂಥ ದೊಡ್ಡ ವಿಷಯ ಎನಿಸಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನನ್ನ ಹೊಗೆಯ ವಿದ್ಯೆಯ ಮೇಲೆ ಪಂದ್ಯ ಬಿತ್ತು. ನನ್ನ ಕಣ್ಣಿಗೆ ಟವೆಲ್ಲು ಕಟ್ಟುವುದು, ಅವರು ಒಂದೊಂದೇ ತುಂಡನ್ನು ಹೊತ್ತಿಸಿ ಮೂಗಿಗೆ ಹಿಡಿಯುವುದು, ಮೂರಕ್ಕೆ ಮೂರೂ ಸರಿ ಹೇಳಿದರೆ ನಾಲ್ಕನೆಯ ಬಾಟಲಿ ನನ್ನದು.

ಮೊದಲನೆಯದು ಹೊಂಗೆ. ಹೇಳಿದೆ. ಎರಡನೆಯದು ನೀಲಗಿರಿ, ಅದನ್ನು ನೆಗಡಿಯವನೂ ಹೇಳಬಲ್ಲ. ಮೂರನೆಯದನ್ನು ಹೋಟೆಲಿನವನು ತನ್ನ ಅಡುಗೆಮನೆಯಿಂದ ಪಂಚೆಯಲ್ಲಿ ಸುತ್ತಿ ತಂದಿದ್ದ. ಹೊತ್ತಿಸಿ ಹಿಡಿದರು. ಮೂಗಿಗೆ ಹಳೆಯ ಇದ್ದಲಿನ ವಾಸನೆ, ಬೆರಣಿಯ ವಾಸನೆ, ಮಣ್ಣಿನ ವಾಸನೆ. ಅದರ ಕೆಳಗೆ ಮರ ಯಾವುದೆಂದು ತಿಳಿಯಲಿಲ್ಲ. ಮತ್ತೊಮ್ಮೆ ಎಳೆದುಕೊಂಡೆ. ತಿಳಿಯಲಿಲ್ಲ.

"ಏನ್ಲಾ, ಮೂಗು ಕಟ್ಟೈತಾ?" ಎಂದ ಡ್ರೈವರು. "ಬಾಟ್ಲಿ ತೆಗೀಲಾ ನಾನು?"

"ಇರಿ, ಇರಿ. ತುಂಡು ಕೊಡಿ ಇಲ್ಲಿ."

ಕೈಗೆ ತೆಗೆದುಕೊಂಡು ಸವರಿದೆ. ಉರಿಯದ ಕಡೆಯ ಅಂಚಿನಲ್ಲೂ ಮಸಿ ಬೆರಳಿಗೆ ಹತ್ತಿತು. ಇದು ಹಗರೆ ದಾರಿಯ ಅಕ್ಕನ ಸೌದೆ ಎಂದು ಆಗ ಗೊತ್ತಾಯಿತು. ಯಾರ ಸೌದೆ ಎಂದು ಗೊತ್ತಾಯಿತೇ ಹೊರತು ಯಾವ ಮರ ಎಂದು ಗೊತ್ತಾಗಲಿಲ್ಲ. ಸೋತೆ ಎಂದು ಹೇಳಬಹುದಿತ್ತು. ಒಂದು ಬಾಟಲಿ ಬೀರು ಹೋಗುತ್ತಿತ್ತು, ಒಂದು ವಾರ ಗೇಲಿ ಮಾಡುತ್ತಿದ್ದರು, ಅಷ್ಟೇ.

ನಾನು ಟವೆಲ್ಲು ಬಿಚ್ಚಿ, ಬಹಳ ಗಂಭೀರವಾಗಿ, "ಇದಕ್ಕೆ ಮರದ ಹೆಸರಿಲ್ಲ ಕಣ್ರೋ," ಎಂದೆ. "ಇದು ಒಂದ್ಸಲ ಉರಿದು ಬಂದಿರೋ ಸೌದೆ. ಸುಡುಗಾಡಿನ ಕೊಳ್ಳಿ."

ಡ್ರೈವರು ಹೊಟ್ಟಿನ ರಾಶಿಯ ಮೇಲೆ ಬಿದ್ದು ಬಿದ್ದು ನಕ್ಕ. "ಸತ್ತೋರ್ ಸೌದೇಲಿ ಇಡ್ಲಿ ಬೇಯ್ಸಿ ನಮಗೆ ತಿನ್ಸವ್ನೆ ನೋಡ್ಲಾ ಇವ್ನು. ಅದಕ್ಕೇ ನಿನ್ನ ಇಡ್ಲಿ ಎದ್ದು ನಿಂತ್ಕಳಲ್ಲ." ನಗುತ್ತಲೇ ಬಾಟಲಿಯನ್ನು ತೆಗೆದು ನನ್ನ ಕೈಗಿಟ್ಟ. ಉತ್ತರ ಸರಿಯೋ ತಪ್ಪೋ, ಇಂಥ ಉತ್ತರಕ್ಕೆ ಬಾಟಲಿ ಕೊಡಲೇಬೇಕು ಎಂದ.

ಹೋಟೆಲಿನವನು ಮಾತ್ರ ನಗಲಿಲ್ಲ. ಲೋಟ ಕೆಳಗಿಟ್ಟ. "ತಮಾಷೆಗೆ ಹೇಳಿದೆಯೋ, ನಿಜವೋ?"

"ಕಪ್ಪು ತುದಿ ಕಾಣಲ್ವಾ ನಿನಗೆ?" ಎಂದೆ.

ಆ ಮಾತಿನಲ್ಲಿ ಸುಳ್ಳಿನ ಒಂದು ಪದವೂ ಇಲ್ಲ. ತುದಿ ಕಪ್ಪಾಗಿಯೇ ಇತ್ತು. ಅವನು ಎದ್ದು ಹೋದ. ನಾನು ಆ ಬಾಟಲಿಯನ್ನು ಕೊನೆಯವರೆಗೂ ಕುಡಿದೆ. ತಣ್ಣಗೆ ಚೆನ್ನಾಗಿತ್ತು. ಚೆನ್ನಾಗಿತ್ತು ಎನ್ನುವುದನ್ನೂ ಬರೆಯಬೇಕು.

ಮಾರನೆಯ ದಿನ ಬೆಳಿಗ್ಗೆ ಹೋಟೆಲಿನವನ ತಾಯಿ ಅಡುಗೆಮನೆಯ ಸೌದೆಯನ್ನೆಲ್ಲ ಬೀದಿಗೆ ಎಸೆಯಿಸಿ, ಒಲೆ ತೊಳೆಸಿ, ಗೋಮೂತ್ರ ಚಿಮುಕಿಸಿದರು. ದೇವಸ್ಥಾನಕ್ಕೆ ಹೋಗುವ ದಾರಿ ಅದು. ಊರಿಗೆ ಊರೇ ನೋಡಿತು. ಕಪ್ಪು ತುದಿ ಕಂಡವರಿಗೆ ಅದು ಯಾರ ಸೌದೆ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಡ್ರೈವರು ಬಸ್ಸಿನಲ್ಲಿ ಇದನ್ನೊಂದು ಹಾಸ್ಯವಾಗಿ ಹೇಳಿದ. ಬೇಲೂರಿನಿಂದ ಅರಸೀಕೆರೆಯವರೆಗೆ ಎಷ್ಟು ಜನ ಕೇಳಿದರೋ. ಅವನಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಅವನು ನಂಬಿದ್ದು ನನ್ನ ಮೂಗನ್ನು.

ಆ ವಾರ ಟಕ್ ಟಕ್ ಸದ್ದು ಕೇಳಲಿಲ್ಲ. ಅಕ್ಕ ಬಂದಿದ್ದರು, ಏಳು ಮನೆಯ ಮುಂದೆಯೂ ಹೊರೆ ಇಳಿಸಿದ್ದರು. ಒಬ್ಬರು ಸೌದೆ ಇದೆ ಎಂದರಂತೆ, ಇನ್ನೊಬ್ಬರು ಆಮೇಲೆ ಬಾ ಎಂದರಂತೆ, ಉಳಿದವರು ಬಾಗಿಲಿಗೇ ಬರಲಿಲ್ಲವಂತೆ. ಮುಖದ ಮೇಲೆ ಕಾರಣ ಹೇಳುವಷ್ಟು ಒರಟರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಮುಂದಿನ ವಾರವೂ ಹಾಗೇ ಆಯಿತು.

ಇದನ್ನು ಸರಿಪಡಿಸಲು ನನಗೆ ಒಂದು ಅವಕಾಶ ಸಿಕ್ಕಿತು. ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಅದೇ ನನ್ನ ಹತ್ತಿರ ಬಂತು. ಆ ಬೀದಿಯ ಹಿರಿಯಮ್ಮ ಒಬ್ಬರು ನಡೆದುಕೊಂಡೇ ಡಿಪೋಗೆ ಬಂದರು. ಬಿಳಿ ಸೀರೆಯ, ಸಣ್ಣ ದನಿಯ ಅಮ್ಮ. ಅವರು ಹೇಳಿದರೆ ಏಳು ಮನೆಯವರೂ ಕೇಳುತ್ತಿದ್ದರು. ನಾನು ಎದ್ದು ನಿಂತೆ.

"ನೀವು ಸೌದೆ ಬಲ್ಲವರಪ್ಪ, ಅದಕ್ಕೆ ಕೇಳೋಕೆ ಬಂದೆ," ಎಂದರು. "ಆ ಹೆಣ್ಣುಮಗಳು ಇರುವೆಗೆ ನೋವಾಗಬಾರದು ಅಂತ ಎಲೆ ಮೇಲೆ ಎತ್ತಿ ಬಿಡ್ತಾಳೆ. ಅಂಥವಳು ಸ್ಮಶಾನದಿಂದ ಸೌದೆ ತರ್ತಾಳೆ ಅಂದ್ರೆ ನನ್ನ ಮನಸ್ಸು ಒಪ್ಪಲ್ಲ. ನಿಜ ಏನಾದ್ರೂ ಗೊತ್ತಿದ್ರೆ ಹೇಳಿ."

ಹೊಲದ ಬದು, ಬೆರಣಿಯ ಹೊಗೆ, ಇರುವೆಯ ಸಾಲು ಎಲ್ಲ ನನ್ನ ಕಣ್ಣೆದುರು ಬಂತು. ಎರಡು ವಾಕ್ಯ ಸಾಕಿತ್ತು. ಆದರೆ ಆ ಎರಡು ವಾಕ್ಯ ಹೇಳಿದರೆ, ಹಾಗಾದರೆ ಆ ಮಾತು ಹುಟ್ಟಿದ್ದು ಎಲ್ಲಿ ಎಂದು ಕೇಳುತ್ತಾರೆ. ಡಿಪೋದ ಹಿಂದೆ ಬೀರು ಕುಡಿಯುತ್ತಾ ಎಂದು ಹೇಳಬೇಕಾಗುತ್ತದೆ. ಹೋಟೆಲಿನವನ ಲೋಟದ ಗುಟ್ಟು ಅವನ ತಾಯಿಗೆ ಮುಟ್ಟುತ್ತದೆ. ನನ್ನ ಮೂಗಿನ ಹೆಸರು ಹೋಗುತ್ತದೆ. ಇಷ್ಟನ್ನೂ ನಾನು ಆ ಅಮ್ಮನ ಎದುರು ನಿಂತು, ತಕ್ಕಡಿಯ ಸರಪಳಿ ಹಿಡಿದುಕೊಂಡು ಲೆಕ್ಕ ಹಾಕಿದೆ.

"ಹೇಳೋಕಾಗಲ್ಲಮ್ಮ," ಎಂದೆ. "ಸೌದೆ ಎಲ್ಲಿಂದ ಬತ್ತದೋ ಯಾರಿಗೆ ಗೊತ್ತು."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಹೌದಾ," ಎಂದಷ್ಟೇ ಹೇಳಿ ಹೋದರು. ಅಂದಿನಿಂದ ಆ ಏಳು ಮನೆಗೂ ಡಿಪೋದ ಸೌದೆಯೇ ಹೋಯಿತು. ಪಂದ್ಯದಲ್ಲಿ ಆಡಿದ್ದು ಕುಡಿದ ಬಾಯಿಯ ಮಾತು ಎಂದು ಬೇಕಾದರೆ ತಳ್ಳಿಹಾಕಬಹುದು. ಈ ಮಾತು ಆಡಿದಾಗ ನಾನು ಕುಡಿದಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆ, ಹಣೆಯಲ್ಲಿ ವಿಭೂತಿ ಇತ್ತು.

ಮೂರನೆಯ ವಾರ ಅಕ್ಕ ಹೊರೆಯೊಂದಿಗೆ ನೇರವಾಗಿ ಡಿಪೋಗೇ ಬಂದರು. ಬೆವರು ಒರೆಸಿಕೊಳ್ಳುತ್ತಾ, "ಯಾಕಣ್ಣ, ನನ್ನ ಸೌದೆ ಯಾರೂ ತಗಳ್ತಿಲ್ಲ? ಬಡಿಯಾದ್ರಲ್ಲಿ ಏನಾರ ತಪ್ಪಾಯ್ತಾ?" ಎಂದು ಕೇಳಿದರು.

"ಜನ ಹಂಗೇ ಕಣಕ್ಕ. ನೀನು ಇಲ್ಲಿ ಹಾಕು, ನಾನು ತಗಳ್ತೀನಿ," ಎಂದೆ.

ಡಿಪೋದ ರಾಶಿಯಲ್ಲಿ ಯಾರ ಸೌದೆ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಮನೆಗಳಲ್ಲಿ ಸಿಗುತ್ತಿದ್ದದ್ದಕ್ಕಿಂತ ಬೆಲೆ ಕಡಿಮೆ. ಆದರೂ ಅವರ ಮುಖ ಅರಳಿತು. ಹೊರೆ ಬಿಚ್ಚಿ, ನಾನು ಬೇಡ ಎಂದರೂ, ಒಂದೊಂದೇ ತುಂಡನ್ನು ತಕ್ಕಡಿಯ ಕೆಳಗಿನ ಕಲ್ಲಿಗೆ ಬಡಿಯತೊಡಗಿದರು.

"ಇಲ್ಲಿ ಯಾರೂ ನೋಡಲ್ಲ, ಬಿಡಕ್ಕ," ಎಂದೆ.

"ಇರುವೆಗೆ ಡಿಪೋ, ಬಸದಿ ಅಂತ ಗೊತ್ತಾಯ್ತದಾ ಅಣ್ಣ?"

ತುದಿ ಕಪ್ಪಾದ ಒಂದು ತುಂಡನ್ನು ಕೈಗೆತ್ತಿಕೊಂಡು, ಕಳೆದ ತಿಂಗಳು ಹೋಟೆಲಿಗೆ ಹಾಕಿದ್ದು ಯಾವ ಮರ ಎಂದು ಏನೂ ಅರಿಯದವನಂತೆ ಕೇಳಿದೆ. "ಅದಾ? ಹಾಳ್ ಬಾವಿ ತಾವಿದ್ದ ನೇರಳೆ. ಬೇರು ಸಮೇತ ತೆಗ್ದಿದ್ದೆ," ಎಂದರು. ಮರಕ್ಕೆ ಹೆಸರಿತ್ತು. ನೇರಳೆ.

ಸಂಕ್ರಾಂತಿಯ ಹೊತ್ತಿಗೆ ಅವರು ಹೊರೆಯ ಮೇಲೆ ಒಂದು ಚೀಲ ಸೊಗಡಿನ ಅವರೆಕಾಯಿ ಇಟ್ಟುಕೊಂಡು ಬಂದು, "ಮನೇಲಿ ಹುಳಿ ಮಾಡ್ಸಿ ಅಣ್ಣ, ನೀವಿಲ್ದಿದ್ರೆ ನಮ್ಮನೆ ಒಲೆ ಹತ್ತುತಿರ್ಲಿಲ್ಲ," ಎಂದು ಕೊಟ್ಟರು. ನಾನು ತೆಗೆದುಕೊಂಡೆ. ಮನೆಯಲ್ಲಿ ಹುಳಿ ಮಾಡಿದರು. ಹೆಂಡತಿ ಎರಡನೆಯ ಸಲ ಬಡಿಸಲು ಬಂದಾಗ ಬೇಡ ಎಂದೆ. ಹುಷಾರಿಲ್ಲವೇ ಎಂದು ಕೇಳಿದಳು. ಅಂದು ಹೇಳಬಹುದಿತ್ತು.

ಡಿಪೋದ ಬೆಲೆಯಲ್ಲಿ ಅಷ್ಟು ದೂರ ಹೊರೆ ಹೊರುವುದು ಅವರಿಗೆ ಎಷ್ಟು ದಿನ ಪೂರೈಸೀತು? ಒಂದು ಬೇಸಿಗೆಯ ನಂತರ ಬರುವುದು ನಿಲ್ಲಿಸಿದರು. ಕೂಲಿಗೆ ಹೋಗುತ್ತಾರೆ ಎಂದು ಯಾರೋ ಹೇಳಿದರು. ನಮ್ಮ ಮೂವರ ಮಧ್ಯಾಹ್ನಗಳೂ ನಿಧಾನವಾಗಿ ನಿಂತುಹೋದವು. ಡ್ರೈವರು ಪಂದ್ಯ ಎಂದರೆ ನಾನು ನೆಗಡಿ ಎನ್ನುತ್ತಿದ್ದೆ.

ಐದಾರು ವರ್ಷ ಕಳೆಯಿತು. ಊರಿನ ಅನುಕೂಲಸ್ಥರ ಮನೆಗಳಿಗೆ ಗ್ಯಾಸು ಬಂದಿತ್ತು. ಒಂದು ದಿನ ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಳೇಬೀಡಿನ ಬಸ್ಸಿಗೆ ಕಾಯುತ್ತಿದ್ದೆ. "ಅಣ್ಣ," ಎಂದು ಯಾರೋ ಕರೆದರು. ಅದೇ ಅಕ್ಕ. ತಲೆ ಅಷ್ಟರಲ್ಲೇ ನರೆಯತೊಡಗಿತ್ತು. ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದ್ದಾರಂತೆ, ಜೊತೆಗೆ ಅಲ್ಲೇ ಕೆಲಸ ಮಾಡುವ ಇನ್ನೊಬ್ಬ ಹೆಂಗಸು.

"ಇವ್ರೇ ಕಣವ್ವ ನಾನು ಹೇಳ್ತಿದ್ನಲ್ಲ," ಎಂದು ಆ ಹೆಂಗಸಿಗೆ ನನ್ನನ್ನು ತೋರಿಸಿದರು. "ಊರೆಲ್ಲ ಬಾಗ್ಲಾಕ್ಕಂಡಾಗ ನನ್ನ ಸೌದೆ ತಗಂಡೋರು ಇವ್ರೊಬ್ರೇ." ನನ್ನ ಕಡೆ ತಿರುಗಿ, "ಈಗ ಸೌದೆ ಮುಟ್ಟಾದೇ ಇಲ್ಲ ಅಣ್ಣ, ಎಲ್ಲ ಗ್ಯಾಸು. ಆದ್ರೂ ಕೈಗೆ ಸೌಟು ಸಿಕ್ಕಿದ್ರೂ ಮೂರು ಸಲ ಬಡಿಯಂಗಾಯ್ತದೆ," ಎಂದು ನಕ್ಕರು.

ನಾನೂ ನಕ್ಕೆ. ಅವರು ದನಿ ತಗ್ಗಿಸಿ ಕೇಳಿದರು: "ಯಾರೋ ಸುಡುಗಾಡು ಸೌದೆ ಅಂತ ಹಬ್ಬಿಸಿದ್ರಂತೆ. ನನಗೆ ಗೊತ್ತಾಗಿದ್ದೇ ತಡವಾಗಿ. ಯಾರು ಅಂತ ನಿಮಗೇನಾರ ಗೊತ್ತಾ ಅಣ್ಣ? ಜಗಳಕ್ಕಲ್ಲ, ಸುಮ್ಕೆ. ನಾನು ಅವ್ರಿಗೇನು ಮಾಡಿದ್ದೆ ಅಂತ ಕೇಳಾಣ ಅಂತ."

"ಯಾರೋ ಕುಡುಕ್ರು ಇರ್ಬೇಕು ಕಣಕ್ಕ," ಎಂದೆ.

ಮತ್ತೆ ಅದೇ ನಡೆಯಿತು. ಮಾತಿನಲ್ಲಿ ಸುಳ್ಳಿಲ್ಲ, ಆಡಿದವನು ಸುಳ್ಳ.

"ಹೋಗ್ಲಿ ಬಿಡಿ," ಎಂದರು ಅವರು. ಬಸ್ಸು ಬಂತು ಎಂದು ಹೇಳಿ ನಾನು ಓಡಿ ಹತ್ತಿಕೊಂಡೆ. ಬಸ್ಸು ಹೊರಡಲು ಇನ್ನೂ ಕಾಲು ಗಂಟೆ ಇತ್ತು. ಅಷ್ಟು ಹೊತ್ತೂ ಅವರು ಕಿಟಕಿಯ ಕೆಳಗೆ ಬಿಸಿಲಿನಲ್ಲೇ ನಿಂತು ಮನೆಯವರೆಲ್ಲ ಚೆನ್ನಾಗಿದ್ದಾರಾ ಎಂದು ಕೇಳುತ್ತಿದ್ದರು. ನಾನು ಚೆನ್ನಾಗಿದ್ದಾರೆ ಎನ್ನುತ್ತಿದ್ದೆ.

ಆಮೇಲೆ ಬೇಲೂರಿಗೆ ಎಷ್ಟೋ ಸಲ ಹೋಗಿದ್ದೇನೆ. ಹಾಸ್ಟೆಲಿನ ಬೀದಿ ಎಲ್ಲಿ ಎಂದು ತಿಳಿದುಕೊಂಡೆ, ಆ ಬೀದಿಯನ್ನು ತಪ್ಪಿಸಿ ನಡೆಯುವುದಕ್ಕಾಗಿ.

ಹೋಟೆಲಿನವನಿಗೆ ಅವನ ಕೊನೆಗಾಲದಲ್ಲಿ ನಿಜ ಹೇಳಿದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬಸದಿ ಬೀದಿಯ ಹಿರಿಯಮ್ಮನ ಮಗನಿಗೆ ಹೇಳಿದೆ. ಅಮ್ಮನಿಗೆ ಅವತ್ತೇ ಅನುಮಾನವಿತ್ತು ಎಂದರು. ದೇವರ ಮುಂದೆ ಹೇಳಿದ್ದೇನೆ, ಅದು ಸುಲಭ. ಕೇಳಬೇಕಾದವರೊಬ್ಬರಿಗೆ ಮಾತ್ರ ಹೇಳಲಿಲ್ಲ: ಹಗರೆ ದಾರಿಯ ಹಳ್ಳಿಯಿಂದ ಹೊರೆ ಹೊತ್ತು ಬಂದು, ಒಂದೊಂದು ತುಂಡನ್ನೂ ಮೂರು ಸಲ ಕಲ್ಲಿಗೆ ಬಡಿದು ಕೊಡುತ್ತಿದ್ದ ಆ ಅಕ್ಕನಿಗೆ.